ಗುಳ್ಳೆ ಅಕ್ಕನ ಅಚ್ಚು

ಕುಕ್ಕರ್ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಗುಳ್ಳೆ ಅಕ್ಕ ಎಂದೇ. ಹೊಸ ಕುಕ್ಕರಿಗೆ ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಎಲ್ಲಿಂದಾದರೂ ಗುಳ್ಳೆ ಏಳುತ್ತದೆಯೇ ಎಂದು ನೋಡುವುದು ಅವಳ ಕೆಲಸ. ಎದ್ದರೆ ಅದು ವಾಪಸ್. ಏಳದಿದ್ದರೆ ತಳಕ್ಕೆ ತನ್ನ ನಂಬರಿನ ಉಕ್ಕಿನ ಅಚ್ಚಿಟ್ಟು ಸುತ್ತಿಗೆಯಿಂದ ಒಂದೇಟು. ಬೇಗ ಬೇಗ ಎಂದು ಮೇಸ್ತ್ರಿ ತಲೆ ತಿಂದರೆ, "ಸಿಡಿದ್ರೆ ನಮ್ಮನೇಲೇ ಸಿಡೀಲಿ ಅಂತ ಬರ್ಕೊಡಿ, ಬೇಗ ಮಾಡ್ತೀನಿ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಪಕ್ಕದ ತೊಟ್ಟಿಯ ಬಳಿ ಇದೇ ಕೆಲಸಕ್ಕೆ ಅವಳ ಓರಗಿತ್ತಿ, ಮೈದುನನ ಹೆಂಡತಿ. ಮ್ಯಾನೇಜರ ಕೈಕಾಲು ಹಿಡಿದು ಕೆಲಸ ಕೊಡಿಸಿದವಳೂ ಗುಳ್ಳೆ ಅಕ್ಕನೇ. ಒಬ್ಬರ ಅಚ್ಚನ್ನು ಇನ್ನೊಬ್ಬರು ಮುಟ್ಟುವಂತಿಲ್ಲ ಎಂಬುದು ಅಲ್ಲಿನ ಕಟ್ಟುನಿಟ್ಟು. ಆದರೆ ಒಂದೇ ಮನೆಯಲ್ಲಿ ಉಣ್ಣುವವರ ನಡುವೆ ಎಂಥ ಕಟ್ಟು, ಎಂಥ ನಿಟ್ಟು? ಹಲ್ಲುನೋವು ತಡೆಯಲಾರದೆ, ಮೇಸ್ತ್ರಿಗೂ ಹೇಳದೆ ಡಾಕ್ಟರ ಹತ್ತಿರ ಓಡಿದ ದಿನ ಅಚ್ಚನ್ನು ಓರಗಿತ್ತಿಯ ಕೈಗೆ ಹಾಕಿದಳು. "ನನ್ನ ಪಾಲಿಂದೂ ಅದ್ದಿ ನೋಡಿ ಹೊಡ್ದುಬಿಡು ತಾಯಿ, ಪುಣ್ಯ ಬರುತ್ತೆ."

ಮರುದಿನದಿಂದ ಓರಗಿತ್ತಿ ಬೇರೆಯೇ ಹೆಂಗಸಾದಳು. ಪಾತ್ರೆ ತೊಳೆಯುವ ಸರದಿ ಬಂದರೆ ತಲೆನೋವು ಬರಿಸಿಕೊಳ್ಳುತ್ತಿದ್ದವಳು ಅಕ್ಕನ ಸರದಿಯದ್ದನ್ನೂ ತೊಳೆದಿಟ್ಟಳು. ಕೇಳದೆ ಟೀ ಬಂತು. ಸಂಜೆ ಅಕ್ಕನ ಕಾಲಿಗೆ ಎಣ್ಣೆ ತಿಕ್ಕುವುದೂ ಶುರುವಾಯಿತು. ಗುಳ್ಳೆ ಅಕ್ಕ ಹಿಗ್ಗಿಹೋದಳು. "ಒಡಹುಟ್ಟಿದವಳೂ ಹಿಂಗೆ ನೋಡ್ಕೊಳ್ಳಲ್ಲ" ಎಂದು ಕಾರ್ಖಾನೆಯೆಲ್ಲ ಡಂಗುರ ಸಾರಿದಳು. ಪಾಪ, ಅವಳಿಗೇನು ಗೊತ್ತು?

ಕೆಲವು ವಾರಗಳಾದ ಮೇಲೆ ಮ್ಯಾನೇಜರು ಇಬ್ಬರನ್ನೂ ಕರೆಸಿದರು. ಮೇಜಿನ ಮೇಲೆ ಸೋರುವ ಕುಕ್ಕರುಗಳು. ಒಂದು ಮನೆಯಲ್ಲಿ ಹೆಂಗಸೊಬ್ಬಳ ಕೈ ಬೆಂದುಹೋಗಿತ್ತು. ಎಲ್ಲದರ ತಳದಲ್ಲೂ ಗುಳ್ಳೆ ಅಕ್ಕನ ನಂಬರು, ಡಬ್ಬದ ಮೇಲಿನ ತಾರೀಖೆಲ್ಲ ಆ ಹಲ್ಲುನೋವಿನ ದಿನದ್ದು. ಓರಗಿತ್ತಿ ನೀರು ಮುಟ್ಟಿಸದೆಯೇ ಅಚ್ಚು ಹೊಡೆದಿದ್ದಾಳೆ ಎಂದು ಗುಳ್ಳೆ ಅಕ್ಕನಿಗೆ ಅಲ್ಲೇ ಹೊಳೆಯಿತು. ಆದರೂ, ಇವಳೇ ಬಾಯಿ ಬಿಡಲಿ, ಬಿಟ್ಟೇ ಬಿಡುತ್ತಾಳೆ ಎಂದು ಕಾದಳು.

"ಈ ಅಚ್ಚನ್ನ ಬೇರೆ ಯಾರಾದ್ರೂ ಮುಟ್ಟಿದ್ರಾ?" ಎಂದು ಕೇಳಿದರು ಮ್ಯಾನೇಜರು.

ಓರಗಿತ್ತಿ ನೆಲ ನೋಡುತ್ತಲೇ ಅಂದಳು: "ಇಲ್ಲ ಸರ್. ಅಕ್ಕನ ಅಚ್ಚು ಅಕ್ಕನ ಹತ್ರಾನೇ ಇರುತ್ತೆ."

ನಿಜ ಹೇಳಿದರೆ ಮೈದುನನ ಮನೆಯವಳನ್ನು ಬೀದಿಗೆ ತಳ್ಳಿದಂತೆ ಎಂದುಕೊಂಡಳು ಗುಳ್ಳೆ ಅಕ್ಕ. ಮೇಲಾಗಿ ಅಚ್ಚು ಕೊಟ್ಟವಳು ತಾನೇ ತಾನೆ? ಅಚ್ಚನ್ನು ಕಿತ್ತುಕೊಂಡು, ಅವಳನ್ನು ಕುಕ್ಕರು ಡಬ್ಬಕ್ಕೆ ತುಂಬುವ ಕೆಲಸಕ್ಕೆ ಹಾಕಿದರು. ಇಷ್ಟು ವರ್ಷದ ಹೆಸರು ಒಂದೇ ಮಧ್ಯಾಹ್ನದಲ್ಲಿ ಮಣ್ಣುಪಾಲಾಯಿತು. ಹೊರಗೆ ಬಂದಾಗ ಮೇಸ್ತ್ರಿ ಕೂಡ ಮುಖ ಕೊಟ್ಟು ಮಾತಾಡಲಿಲ್ಲ.

ಸಂಜೆ ಓರಗಿತ್ತಿ ಎಂದಿನಂತೆ ಎಣ್ಣೆಯ ಬಟ್ಟಲು ಹಿಡಿದು ಬಂದು, ಕಾಲ ಬಳಿ ಕೂತು ತಿಕ್ಕತೊಡಗಿದಳು. ಕಣ್ಣಿಂದ ನೀರು ಇಳಿಯುತ್ತಿತ್ತು. ಈ ಎಣ್ಣೆ, ಆ ಟೀ, ತೊಳೆದಿಟ್ಟ ಪಾತ್ರೆ, ಒಂದೊಂದೂ ಗುಳ್ಳೆ ಅಕ್ಕನಿಗೆ ನೆನಪಾಯಿತು. ಇವನ್ನೆಲ್ಲ ಪ್ರೀತಿ ಅಂದುಕೊಂಡಿದ್ದಳಲ್ಲ.

"ನನ್ನ ವಿಷಯ ಬಿಡು," ಎಂದಳು ಕೊನೆಗೆ. "ನೋಡದೆ ಹೊಡೆದಿದ್ದು ಒಟ್ಟು ಎಷ್ಟು? ಇನ್ನೂ ಎಷ್ಟು ಮನೇಲಿ ಒಲೆ ಮೇಲೆ ಕೂತಿವೆ?"

ತಿಕ್ಕುತ್ತಿದ್ದ ಕೈ ನಿಂತಿತು.

"ಎಣಿಸ್ಲಿಲ್ಲ ಅಕ್ಕ."

ಗುಳ್ಳೆ ಅಕ್ಕ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು.