ಬೆಟ್ಟದ ಬೋರಿಗೆ ಅತ್ತೆ ಹೊತ್ತ ಹರಕೆ

ಹಿತ್ತಲ ಕಲ್ಲಿನ ಮೇಲೆ ಕುಳಿತು ಬಂಗುಡೆ ಸೀಳುತ್ತಿದ್ದೆ. ಎರಡೂ ಕೈ ನೆತ್ತರು. ಅಷ್ಟರಲ್ಲಿ ಫೋನ್ ಬಂತು. ಹಿಮಾಲಯದ ಮೇಲಿನಿಂದ ನಮ್ಮ ಮನೆಯವರ ಕರೆ. ಸಿಗ್ನಲ್ ಸಿಕ್ಕಾಗಲೇ ಮಾತಾಡಬೇಕು. ಅತ್ತೆಯೇ ಓಡಿ ಬಂದು, ಸ್ಪೀಕರ್‌ಗೆ ಹಾಕಿ, ಎಂದಿನ ಪ್ರಶ್ನೆ ಕೇಳಿದರು.

"ಮಗಾ, ನೀರ್ ಬಂತಾ?"

"ಬಂತಮ್ಮ. ಬಂದದ್ದೇ ತೊಂದ್ರಿ ಆಯ್ತ್."

ಅತ್ತೆಗೆ ಬೇರೆ ಪ್ರಶ್ನೆ ಗೊತ್ತಿಲ್ಲ. ನಮ್ಮ ಮನೆಯವರು ಬೈಂದೂರಿನಿಂದ ಬ್ರಹ್ಮಾವರದವರೆಗೆ ವರ್ಷಗಟ್ಟಲೆ ಬೋರ್‌ವೆಲ್ ಕೊರೆದವರು. ಬಸ್ರೂರಿನ ನಮ್ಮ ಮನೆಯಲ್ಲಿ ಆಗೆಲ್ಲ ಊಟಕ್ಕೆ ಕೂರುವ ಮುಂಚೆ ಕೇಳುತ್ತಿದ್ದ ಮಾತು ಅದೊಂದೇ. ಈಗ ಬೋರಿನ ಲಾರಿ ಮಾರಿ, ಬೆಟ್ಟದಲ್ಲಿ ಅದಿರು ಹುಡುಕುವವರ ತಂಡ ಸೇರಿದ್ದಾರೆ. ಕೊರೆಯುವುದು ನೀರಿಗಲ್ಲ, ತಾಮ್ರ ಮತ್ತು ನಿಕ್ಕಲ್‌ಗೆ.

ಅದೆಲ್ಲ ಹೇಗೆ ಎಂದು ಹಿಂದಿನ ಸಲ ಊರಿಗೆ ಬಂದಾಗ ಕೇಳಿದ್ದೆ. ನಾನು ಪಾಯಸಕ್ಕೆ ಬೆಲ್ಲ ಕರಗಿಸುತ್ತಿದ್ದೆ; ತಳದಲ್ಲಿ ಮರಳು ನಿಂತಿತ್ತು. ಅದನ್ನೇ ತೋರಿಸಿದರು.

"ಕಾಣ್, ಈ ಹೊಯ್ಗಿ ಅಡಿಗ್ ಕೂಕಂಡಂಗೇ. ಭೂಮಿ ಒಳಗಿಂದ ಕರಗಿದ ಕಲ್ಲ್ ಉಕ್ಕಿ ಬಪ್ಪತಿಗೆ ಗಂಧಕ ಸೇರಿ ತಾಮ್ರ, ನಿಕ್ಕಲ್ ಎಲ್ಲ ಭಾರ ಆಯಿ ಅಡಿಗ್ ಕೂಕಂತ್. ನಾವ್ ಹುಡ್ಕುದ್ ಆ ಅಡಿ."

"ಹ್ವಾಯ್, ಹಾಂಗಾರೆ ಸುಲಭ ಅಲ್ದಾ? ಅಡಿ ಕೆರ್ದ್ರೆ ಆಯ್ತ್."

"ಬೆಟ್ಟ ಏಳುವತಿಗೆ ಬಾಣ್ಲಿಯೇ ಮಗ್ಚಿ ಬಿದ್ದಿತ್ ಮಾರಾಯ್ತಿ! ಅಡಿ ಯಾವ ಬದಿಗಿತ್ತ್ ಅಂದೇಳಿ ಯಾರಿಗ್ ಗೊತ್ತ್?"

ಹಾಗೆ ಮಗುಚಿದ ತಳ ಹುಡುಕುತ್ತ ಆ ಬೇಸಿಗೆಯಿಡೀ ಕೊರೆದರೂ ಬರಿಗಲ್ಲು. ಹಿಮ ಬೀಳುವುದರೊಳಗೆ ಅದಿರಿನ ಸುಳಿವು ಸಿಗದಿದ್ದರೆ ಆ ಬೆಟ್ಟವನ್ನೇ ಬಿಡುವುದು, ತಂಡವನ್ನು ಮನೆಗೆ ಕಳಿಸುವುದು ಎಂದು ಮೇಲಿನವರು ಹೇಳಿಯಾಗಿತ್ತು. ಮನೆಗೆ ಬಂದರೆ ಕೊರೆಯಲು ಇಲ್ಲಿ ಲಾರಿಯೂ ಇಲ್ಲ.

ಈಗ ನೋಡಿದರೆ, ಅರ್ಧ ಕೊರೆಯುವಷ್ಟರಲ್ಲಿ ಒಳಗಿಂದ ನೀರು ಚಿಮ್ಮಿ, ತೂತಿನ ಗೋಡೆ ಕುಸಿದು, ಕೊರೆಯುವ ರಾಡುಗಳು ಅಲ್ಲೇ ಸಿಕ್ಕಿಕೊಂಡಿವೆಯಂತೆ. ಯಾರಿಗೂ ಪೆಟ್ಟಾಗಿಲ್ಲ ಎಂದದ್ದು ಕೇಳಿಸಿತು, ಅಷ್ಟೇ. ಸಿಗ್ನಲ್ ಹೋಯಿತು. ಪೆಟ್ಟಾಗಿಲ್ಲವಲ್ಲ, ದೇವರೇ, ಎಂದು ನಾನು ಮುಂದಿನ ಮೀನಿಗೆ ಕೈ ಹಾಕಿದೆ. ಅತ್ತೆ ಮಾತ್ರ ಮೆಟ್ಟಿಲ ಮೇಲೆ ಕುಸಿದು ಕೂತು ನನ್ನನ್ನು ಕರೆದರು.

"ಹೆಣೆ, ನಂದೇ ತಪ್ಪ್."

"ನಿಮ್ದೆಂತ ತಪ್ಪ್ ಅತ್ತೆ? ನೀವೆಂತ ಕೊರೂಕ್ ಹೋಯಿದ್ರ್ಯಾ?"

"ಗಣಪತಿಗೆ ಪಂಚಕಜ್ಜಾಯದ ಹರ್ಕಿ ಹೊತ್ತಿದ್ದೆ. ಯಾವಾಗ್ಲೂ ಹೊತ್ತಂಗೇ, ನೀರ್ ಬರ್ಲಿ ಅಂದೇಳಿ. ಕೊಟ್ಟೇ ಬಿಟ್ಟ, ಕಾಣ್!"

ನಗು ಬಂತು. ಅವರ ಕಣ್ಣು ತುಂಬಿದ್ದು ಕಂಡು ನುಂಗಿಕೊಂಡೆ.

ಹರಕೆ ಬಾಕಿ ಇಟ್ಟುಕೊಂಡು ಹೊಸದು ಕೇಳುವುದು ಹೇಗೆ? ಮಾರನೆಯ ದಿನ ಬೆಳಿಗ್ಗೆಯೇ ಅವಲಕ್ಕಿ, ಕಾಯಿ, ಬೆಲ್ಲ, ಎಳ್ಳು ಕಲಸಿ ದೇವಸ್ಥಾನಕ್ಕೆ ಹೋದೆವು. ಅತ್ತೆ ಭಟ್ಟರೆದುರು ಎಲ್ಲ ಒಪ್ಪಿಸಿದರು.

"ಕೇಳ್ದದ್ದ್ ಸಿಕ್ತ್ ಅಂದೇಳಿ ದೂರ್ ತಂದವ್ರ್ ನೀವೇ ಮೊದಲ್," ಎಂದರು ಭಟ್ಟರು.

"ದೂರಲ್ಲ ಭಟ್ರೇ, ತಿದ್ದುಪಡಿ. ನೀರ್ ಸಾಕ್, ಇನ್ನ್ ಕಲ್ಲ್ ಕೊಡ್ ಅಂದೇಳಿ ಹೇಳಿ."

"ಕಲ್ಲ್ ಅಂದ್ರೆ ಬರೀ ಕಲ್ಲೇ ಕೊಟ್ಬಿಟ್ರೆ? ಅದಿರ್ ಅನ್ನಿ ಅಮ್ಮ."

ಅತ್ತೆ ಗಾಬರಿಯಿಂದ ಗರ್ಭಗುಡಿಯತ್ತ ತಿರುಗಿ ಮೂರು ಸಲ "ಅದಿರ್, ಅದಿರ್, ಅದಿರ್" ಅಂದರು. ನಾನು ಪಕ್ಕದಲ್ಲಿ ನಿಂತು, ಮನೆಯವರ ಕೆಲಸ ಉಳಿದರೆ ಸಂತೋಷ, ಉಳಿಯದಿದ್ದರೆ ಅವರು ಮುಖ ಸಣ್ಣ ಮಾಡಿಕೊಳ್ಳದೆ ಇಳಿದು ಬರಲಿ ಎಂದಷ್ಟೇ ಕೇಳಿಕೊಂಡೆ.

ಆಮೇಲೆ ಕರೆಯೇ ಇಲ್ಲ. ಟಿವಿಯಲ್ಲಿ ಬೆಟ್ಟದ ಮೇಲೆ ಹಿಮ ಎಂದು ತೋರಿಸಿದಾಗಲೆಲ್ಲ ಅತ್ತೆ ಎದ್ದು ಒಳಗೆ ಹೋಗುತ್ತಿದ್ದರು. ಒಂದು ದಿನ ನಡು ಮಧ್ಯಾಹ್ನ, ಊಟದ ಪಾತ್ರೆ ತೊಳೆದು ಕೈ ಒರೆಸಿಕೊಳ್ಳುವಾಗ ಫೋನ್ ಬಂತು. ಈ ಸಲ ನಾನೇ ಎತ್ತಿ, ಅತ್ತೆಗೂ ಕೇಳಲೆಂದು ಸ್ಪೀಕರ್‌ಗೆ ಹಾಕಿದೆ. ಎತ್ತಿದ ಕೂಡಲೇ ಅವರ ನಗು.

ರಾಡುಗಳು ಹೇಗೋ ಹೊರಬಂದಿದ್ದವು. ಆ ತೂತು ಬಿಟ್ಟು, ಇಳಿಜಾರಿನಲ್ಲಿ ಸ್ವಲ್ಪ ಕೆಳಗೆ ಇನ್ನೊಂದು ಕೊರೆಯಲು ಒಪ್ಪಿಗೆ ಸಿಕ್ಕಿತಂತೆ. ಕೊರೆಯುವಾಗ ಯಂತ್ರದ ಮೂತಿ ಕಾಯದಂತೆ ನೀರು ಬಿಡುತ್ತಲೇ ಇರಬೇಕು. ತೊರೆಯಿಂದ ಎಳೆದ ಪೈಪಿನಲ್ಲಿ ದಿನಾ ಬೆಳಿಗ್ಗೆ ನೀರು ಮಂಜುಗಡ್ಡೆ ಕಟ್ಟಿ, ಬಿಸಿಲೇರುವವರೆಗೆ ಕೈಕಟ್ಟಿ ಕೂರಬೇಕಿತ್ತು. ಮೇಲಿನ ತೂತಿನಿಂದ ಚಿಮ್ಮಿದ ನೀರು ನೆಲದೊಳಗಿನ ಬಿಸಿಗೆ ಗಡ್ಡೆ ಕಟ್ಟಲಿಲ್ಲ. ಅದನ್ನೇ ಕೆಳಗೆ ಹರಿಸಿಕೊಂಡು, ಹಿಮಕ್ಕೆ ಮುಂಚೆ ಆಳ ಮುಟ್ಟಿದರು. ಕಪ್ಪು ಕಲ್ಲಿನ ನಡುವೆ ಒಂದು ಗೇಣಿನಷ್ಟು, ಹುಳಿ ಹಾಕಿ ತಿಕ್ಕಿದ ಹಿತ್ತಾಳೆಯಂತೆ ಹೊಳೆಯುವ ಅದಿರು. ಎಷ್ಟಿದೆ ಎಂದು ಲ್ಯಾಬಿನವರು ಹೇಳಬೇಕು. ಆದರೆ ಹಿಮ ಕರಗಿದ ಮೇಲೆ ತಂಡ ಮತ್ತೆ ಅದೇ ಬೆಟ್ಟಕ್ಕೆ ಹೋಗುವುದು ಖಂಡಿತ.

"ಗೇಣಾ?" ಅತ್ತೆ ಬೆರಳು ಅಗಲಿಸಿ ನೋಡಿಕೊಂಡರು. "ಒಂದ್ ಚೊಂಬಿಗೂ ಸಾಲುದಿಲ್ಲ. ಆದ್ರೂ ಕಂಡ್ಯಾ ಹೆಣೆ? ನೀರೂ ಬೇಕಿತ್ತ್!"

"ಹೌದತ್ತೆ, ನೀವೇ ಗೆದ್ರಿ."

"ನಾಳ್ದ್ ರೈಲ್ ಹತ್ತುದು," ಎಂದರು ಇವರು ಅಲ್ಲಿಂದ. "ಬಪ್ಪತಿಗೆ ಎಂತ ತರ್ಲಿ?"

"ಎಂತದೂ ಬ್ಯಾಡ. ನೀವ್ ಬನ್ನಿ ಸಾಕ್."

ಫೋನ್ ಇಟ್ಟು ದೇವರಿಗೆ ಕೈ ಮುಗಿದೆ. ಬಿಸಿಲು ಇನ್ನೂ ಅಂಗಳದಲ್ಲಿತ್ತು. ಅವರ ಹಾಸಿಗೆ ಮಳೆಗಾಲವಿಡೀ ಮಡಚಿಟ್ಟು ಮುಗ್ಗಲು ನಾತ ಹಿಡಿದಿತ್ತು.

"ಅತ್ತೆ, ಆ ತುದಿ ಹಿಡ್ಕಣಿ," ಎಂದೆ. ಇಬ್ಬರೂ ಸೇರಿ ಹೊರಗೆಳೆದು ಕಟ್ಟೆಯ ಮೇಲೆ ಹರಡಿದೆವು. ನಾನು ಕೋಲು ತಂದು ಧೂಳು ಬಡಿಯತೊಡಗಿದೆ.