ಒಂದು ಗ್ರೀಕ್ ಕ್ರಿಯಾಪದ, ನಾನೂರ ಹನ್ನೆರಡು ಚೀಟಿ

ಗುರುವಾರ ಬೆಳಗಿನ ಆರು ಗಂಟೆ. ನಿಘಂಟು ಕಚೇರಿಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿರುವ ಚೀಟಿ ಅಕ್ಕ, ಒಂದೊಂದೇ ಚೀಟಿಯನ್ನು ಕನ್ನಡಕದ ಹತ್ತಿರ ಹಿಡಿದು, ಗೊಣಗಿ, ಪಕ್ಕಕ್ಕಿಡುತ್ತಾರೆ. ಗೊಣಗದೆ ಏನು ಮಾಡಬೇಕು? ಹೊಸ ಸಂಪಾದಕರು ರಜೆಯ ದಿನ ಬಂದು ಅವರ ಡ್ರಾಯರನ್ನು ಓರಣ ಮಾಡಿಬಿಟ್ಟಿದ್ದಾರೆ!

ಪ್ರಾಚೀನ ಗ್ರೀಕಿನ 'ಫೆರೋ' ಕ್ರಿಯಾಪದಕ್ಕೆ ಹೊರುವುದು, ತರುವುದು, ಸಹಿಸುವುದು, ಫಲ ಕೊಡುವುದು ಎಂದೆಲ್ಲ ಅರ್ಥ. ಭವಿಷ್ಯತ್ತಿಗೆ ಅದು 'ಓಯ್ಸೊ', ಭೂತಕ್ಕೆ 'ಏನೆಂಕಾ'. ಇಂಥ ರೂಪಗಳು ಇನ್ನೂ ಹತ್ತಾರು. ಹಳೆಯ ಗ್ರಂಥಗಳ ಒಂದೊಂದು ಪ್ರಯೋಗಕ್ಕೆ ಒಂದೊಂದು ಚೀಟಿಯಂತೆ ನಾನೂರ ಹನ್ನೆರಡನ್ನು ಒಂದೇ ಡ್ರಾಯರಿಗೆ ಸೇರಿಸಲು ಅಕ್ಕನಿಗೆ ಒಂಬತ್ತು ತಿಂಗಳು ಹಿಡಿದಿತ್ತು. ಅವನ್ನು ಅಕ್ಷರಾನುಕ್ರಮದಲ್ಲಿ ಅರವತ್ತು ಡ್ರಾಯರಿಗೆ ಹಂಚಲು ಸಂಪಾದಕರಿಗೆ ಒಂದು ಮಧ್ಯಾಹ್ನ ಸಾಕಾಗಿದೆ.

"ಹುಡುಗಿಗೆ ಮನೇಲೊಂದು ಹೆಸರು, ಶಾಲೇಲೊಂದು, ಅತ್ತೆಮನೇಲಿ ಇನ್ನೊಂದು. ಹಾಗಂತ ಮೂರು ಜನ ಹುಡುಗೀರಾ?" ಅಕ್ಕನ ಮೂಗಿನ ತುದಿ ಕೆಂಪಾಗುತ್ತದೆ. ಅರ್ಧ ಸಿಟ್ಟಿಗೆ, ಅರ್ಧ ಧೂಳಿಗೆ.

ಇಪ್ಪತ್ತೆರಡು ವರ್ಷದ ಹಿಂದೆ ಟೈಪಿಸ್ಟಾಗಿ ಬಂದವರು ಅವರು. ಗ್ರೀಕ್ ಕಲಿಸಿದ್ದು ಈ ಚೀಟಿಗಳೇ. ಮಂಡಿನೋವು ಬಳುವಳಿ. ಬಸ್ ಕಂಡಕ್ಟರ್ ಗಂಡ ಬುತ್ತಿ ಕಟ್ಟಿಕೊಡುತ್ತಾ 'ಫೆರೋ' ಹೆಸರೆತ್ತಿ ರೇಗಿಸುತ್ತಾರೆ: "ನನ್ನ ಸವತಿ ಪೂರ್ತಿ ಸಿಕ್ಕಳಾ?" "ನಿಮಗೆಲ್ಲಿಂದ ಸವತಿ? ಸುಮ್ನೆ ಡಬ್ಬಿ ಕೊಡಿ," ಎಂದು ಅಕ್ಕ ಹೊರಡುತ್ತಾರೆ.

ಶುಕ್ರವಾರ 'ಫೆರೋ' ಪುಟ ಅಚ್ಚಿಗೆ ಹೋಗಬೇಕು. ಅಷ್ಟರೊಳಗೆ ಚೀಟಿಗಳು ಕೂಡದಿದ್ದರೆ 'ಏನೆಂಕಾ' ಹುಡುಕಿ ಬಂದವರಿಗೆ 'ಫೆರೋ' ನೋಡಿ ಎನ್ನುವ ಸಾಲೂ ಇರುವುದಿಲ್ಲ. ಸೋಮವಾರದಿಂದ ದಿನಕ್ಕೆ ಹನ್ನೆರಡು ಡ್ರಾಯರ್ ಜಾಲಾಡಿದ್ದಾಗಿದೆ. ಇನ್ನೂ ಮೂವತ್ತೇಳು ಚೀಟಿ ನಾಪತ್ತೆ.

ಬಾಗಿಲಲ್ಲಿ ನಿಂತ ಸಂಪಾದಕರು ಮೆಲ್ಲಗೆ ಕೇಳುತ್ತಾರೆ, "ಅಕ್ಕಾ, ಸಿಕ್ಕಷ್ಟು ಸಾಕಲ್ವಾ?"

"ಸಿಕ್ಕಷ್ಟು ಸಾಕಾಗಿದ್ರೆ ನಾನ್ಯಾಕೆ ಇಷ್ಟು ವರ್ಷ ಧೂಳು ಕುಡೀಬೇಕಿತ್ತು ಸಾರ್?"

ಸಂಪಾದಕರು ಶರ್ಟಿನ ತೋಳು ಮಡಚಿ ತಾವೂ ನೆಲಕ್ಕೆ ಕೂರುತ್ತಾರೆ. ಕೂತ ಮೇಲೆ ನಾಲ್ಕು ಚೀಟಿ ತಪ್ಪಾದ ರಾಶಿಗೆ ಹಾಕಿ ಬೈಸಿಕೊಳ್ಳುತ್ತಾರೆ.

ಶುಕ್ರವಾರ ಮಧ್ಯಾಹ್ನ ಕೊನೆಯ ಚೀಟಿ ಒಂದು ಡ್ರಾಯರಿನ ಹಿಂದೆ, ಗೋಡೆಗೆ ಒತ್ತಿಕೊಂಡು ಸಿಗುತ್ತದೆ. ಅಕ್ಕ ಅದನ್ನು ಸೆರಗಿನಲ್ಲಿ ಒರೆಸಿ ಉಳಿದ ಚೀಟಿಗಳ ಕಟ್ಟಿಗೆ ಸೇರಿಸುತ್ತಾರೆ. ಪುಟ ಪೂರ್ತಿಯಾಗಿ ಅಚ್ಚಿಗೆ ಹೋಗುತ್ತದೆ.

ಸಂಪಾದಕರ ಮುಖ ಸಣ್ಣದಾಗಿದೆ. "ಮುನ್ನುಡೀಲಿ ನಿಮ್ಮ ಹೆಸರು ಹಾಕ್ತೀನಿ ಅಕ್ಕಾ."

"ಹುಡುಕಿ ಬಂದವರಿಗೆ ದಾರಿ ತೋರಿಸೋ ಸಾಲು ಇದೆಯಲ್ಲ, ಅದು ನಂದು. ನಂಗೆ ಅಷ್ಟು ಸಾಕು," ಎನ್ನುತ್ತಾರೆ ಅಕ್ಕ, ಮಂಡಿ ಹಿಡಿದು ಏಳುತ್ತಾ. "ಹೆಸರು ಬೇಡ ಸಾರ್. ಆ ಡ್ರಾಯರಿಗೊಂದು ಬೀಗ ಹಾಕಿಸ್ಕೊಡಿ. ಬೀಗದ ಕೈ ಮಾತ್ರ ನಿಮ್ಮ ಹತ್ರ ಇರಬಾರದು."