ಯು-1206 ಮತ್ತು ಹಮೀದಾಕನ ಕೀಲಿಕೈ

2022ರಲ್ಲಿ ನಾನು ಗಲ್ಫ್‌ನಲ್ಲಿ, ಜುಬೈಲ್‌ನಿಂದ ರಾಸ್ ಅಲ್ ಖೈರ್‌ಗೆ ಹೋಗುವ ಹೆದ್ದಾರಿಯ ಪಕ್ಕದ ಒಂದು ಸಣ್ಣ ನೀರು ಶುದ್ಧೀಕರಣ ಘಟಕದಲ್ಲಿ ಶಿಫ್ಟ್ ಕೆಮಿಸ್ಟ್ ಆಗಿದ್ದೆ. ಸಮುದ್ರದ ನೀರಿನ ಉಪ್ಪು ತೆಗೆದು ಸುತ್ತಲಿನ ಕಾರ್ಮಿಕ ಕ್ಯಾಂಪ್‌ಗಳಿಗೆ ಒದಗಿಸುವುದು ನಮ್ಮ ಕೆಲಸ. ಮಲ್ಪೆಯ ಮೀನುಗಾರರ ಮನೆಯವನಾದ ನಾನು ಉಡುಪಿಯಲ್ಲಿ ಬಿ.ಎಸ್ಸಿ. ಮುಗಿಸಿ ಇಲ್ಲಿಗೆ ಬಂದು ಆಗಲೇ ಹತ್ತೊಂಬತ್ತು ವರ್ಷಗಳಾಗಿದ್ದವು. ಆ ಸಂಜೆಯ ವಿಷಯವನ್ನು ವಿಚಾರಣೆಯಲ್ಲಿ ಮೂರು ಸಲ ಹೇಳಿದ್ದೇನೆ, ಹೆಂಡತಿಗೆ ಒಂದು ಸಲ ಹೇಳಿದ್ದೇನೆ. ಬರೆಯುತ್ತಿರುವುದು ಇದೇ ಮೊದಲು.

ಪ್ರತಿ ಶಿಫ್ಟ್‌ಗೆ ಮೊದಲು ನಮ್ಮಲ್ಲಿ ಹತ್ತು ನಿಮಿಷದ ಸುರಕ್ಷತೆಯ ಮಾತುಕತೆ ಇರುತ್ತಿತ್ತು. ಟೂಲ್‌ಬಾಕ್ಸ್ ಟಾಕ್ ಎನ್ನುತ್ತಾರೆ. ಹೆಲ್ಮೆಟ್ ಹಾಕಿ, ಗ್ಲೌಸ್ ಹಾಕಿ ಎಂದು ಎಷ್ಟು ದಿನ ಹೇಳುವುದು? ಕ್ಲೋರಿನ್ ಅನಿಲದ ಸರದಿ ಬಂದಾಗಲೆಲ್ಲ ನಾನು ಜರ್ಮನಿಯ ಜಲಾಂತರ್ಗಾಮಿ ಯು-1206ರ ಕಥೆ ಹೇಳುತ್ತಿದ್ದೆ. ಎರಡನೇ ಮಹಾಯುದ್ಧದಲ್ಲಿ, 1944ರ ಮಾರ್ಚ್‌ನಲ್ಲಿ ಸೇವೆಗೆ ಸೇರಿದ ಸಬ್‌ಮರೀನ್ ಅದು. ಸುಮಾರು ಒಂದು ವರ್ಷ ತರಬೇತಿಯಲ್ಲೇ ಕಳೆಯಿತು. 1945ರ ಏಪ್ರಿಲ್‌ನಲ್ಲಿ, ಜರ್ಮನಿ ಶರಣಾಗಲು ಒಂದು ತಿಂಗಳಷ್ಟೇ ಇರುವಾಗ, ನಾರ್ವೆಯಿಂದ ಮೊದಲ ಕಾರ್ಯಾಚರಣೆಗೆ ಹೊರಟಿತು. ಆಳದಲ್ಲಿದ್ದಾಗಲೂ ಬಳಸಬಹುದಾದ ಹೊಸ ಬಗೆಯ ಶೌಚಾಲಯ ಅದರಲ್ಲಿತ್ತು. ಯಾವ ವಾಲ್ವ್ ಮೊದಲು, ಯಾವುದು ಆಮೇಲೆ ಎಂಬುದಕ್ಕೆ ತರಬೇತಿ ಪಡೆದವನೇ ಬೇಕು. ಏಪ್ರಿಲ್ 14ರಂದು ಸ್ಕಾಟ್ಲೆಂಡ್ ತೀರದ ಬಳಿ ಅಲ್ಲೇನೋ ಎಡವಟ್ಟಾಯಿತು. ಸಮುದ್ರದ ನೀರು ಒಳನುಗ್ಗಿ ಕೆಳಗಿದ್ದ ಬ್ಯಾಟರಿಗಳಿಗೆ ಇಳಿಯಿತು, ಕ್ಲೋರಿನ್ ಎದ್ದಿತು. ಉಸಿರಿಗಾಗಿ ಮೇಲೆ ಬಂದರೆ ತಲೆಯ ಮೇಲೆ ಶತ್ರು ವಿಮಾನ. ಕೊನೆಗೆ ತಮ್ಮ ಸಬ್‌ಮರೀನನ್ನು ತಾವೇ ಮುಳುಗಿಸಿದರು. ನಾಲ್ವರು ಸತ್ತರು, ಉಳಿದವರು ಸೆರೆಯಾದರು. ಇಡೀ ಆಯುಷ್ಯದಲ್ಲಿ ಅದು ಶತ್ರುಗಳ ಒಂದು ಹಡಗನ್ನೂ ಮುಳುಗಿಸಿರಲಿಲ್ಲ.

ಕ್ಯಾಪ್ಟನ್‌ನೇ ಶೌಚಕ್ಕೆ ಹೋಗಿದ್ದ, ಗೊತ್ತಿದ್ದವನನ್ನು ಕರೆಯಲು ಅವನಿಗೆ ಅಹಂಕಾರ ಅಡ್ಡ ಬಂತು ಎಂದು ನಾನು ಸೇರಿಸುತ್ತಿದ್ದೆ. ಹಾಗೆ ಹೇಳುವವರು ಬಹಳ ಮಂದಿ ಇದ್ದಾರೆ. ತಾನು ಆಗ ಎಂಜಿನ್ ಬಳಿ ಇದ್ದೆನೆಂದು ಕ್ಯಾಪ್ಟನ್ ವರದಿ ಕೊಟ್ಟಿದ್ದ ಎಂಬುದೂ ನನಗೆ ಗೊತ್ತಿತ್ತು. ಆದರೆ ಕಥೆಗೆ ನಗು ಬೇಕಿತ್ತು.

ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಹಮೀದಾಕ. ಉಳ್ಳಾಲದ ಬ್ಯಾರಿ ಮುಸ್ಲಿಂ, ನನಗಿಂತ ಎಂಟು ವರ್ಷ ದೊಡ್ಡವರಾದ್ದರಿಂದ ಹೆಸರಿಗೆ ಅಣ್ಣ ಎನ್ನುವ ‘ಆಕ’, ರಾಸಾಯನಿಕ ವಿಭಾಗದ ಆಪರೇಟರ್. "ಎಂತ ಮಾರಾಯ್ರೆ ನಿಮ್ಮ ಕ್ಯಾಪ್ಟನ್! ಅಷ್ಟು ದೊಡ್ಡ ಯುದ್ಧಕ್ಕೆ ಹೋದವನಿಗೆ ಒಂದು ಜನ ಕರೀಲಿಕ್ಕೆ ನಾಚಿಕೆಯಾ?" ಎನ್ನುತ್ತಿದ್ದರು. ಕೊನೆಗೆ ನನ್ನನ್ನೇ ಕ್ಯಾಪ್ಟನ್ ಎಂದು ಕರೆಯತೊಡಗಿದರು. ಘಟಕದ ನಮಾಜು ಕ್ಯಾಬಿನ್‌ನಲ್ಲಿ ಅಜಾನ್ ಕೊಡುತ್ತಿದ್ದವರೂ ಅವರೇ. ಮೈಕ್ ಇಲ್ಲದೆಯೇ ಅವರ ದನಿ ಪಂಪುಗಳ ಸದ್ದನ್ನು ದಾಟಿ ಲ್ಯಾಬಿಗೆ ಬರುತ್ತಿತ್ತು.

ನಮ್ಮಲ್ಲಿ ಎರಡು ದೊಡ್ಡ ಟ್ಯಾಂಕ್‌ಗಳಿದ್ದವು. ಒಂದರಲ್ಲಿ ಹೈಪೋ, ಅಂದರೆ ನೀರಿನ ಕ್ರಿಮಿ ಕೊಲ್ಲುವ ಬ್ಲೀಚಿನಂಥ ದ್ರವ. ಇನ್ನೊಂದರಲ್ಲಿ ಆ್ಯಸಿಡ್. ಇವೆರಡೂ ಬೆರೆತರೆ ಕ್ಲೋರಿನ್. ಎರಡು ಟ್ಯಾಂಕ್‌ಗಳ ಒಳಹರಿವಿನ ಬಾಯಿಗಳಿಗೂ ಬೀಗ, ಎರಡೂ ಬೀಗಗಳ ಕೀ ಹಮೀದಾಕನ ಬಳಿ. ಟ್ಯಾಂಕರ್ ಬಂದರೆ ಅವರನ್ನೇ ಕರೆಯಬೇಕು. ಈ ನಿಯಮ ಬರೆದವನು ನಾನೇ. ಅವರು ಟ್ಯಾಂಕರ್‌ನಿಂದ ನಾಲ್ಕು ಹನಿ ಹಿಡಿದು, ಆಮ್ಲವೋ ಕ್ಷಾರವೋ ಹೇಳುವ ಪಿಎಚ್ ಪಟ್ಟಿ ಅದ್ದಿ, ಬಣ್ಣ ನೋಡಿಯೇ ಬೀಗ ತೆಗೆಯುತ್ತಿದ್ದರು. "ಡ್ರೈವರ್ ಎಂತ ಬೇಕಾದ್ರೂ ಹೇಳ್ಲಿ. ನಂಗೆ ಪಟ್ಟಿ ಹೇಳ್ಬೇಕು."

ಅದು ರಂಜಾನ್, ಏಪ್ರಿಲ್ ತಿಂಗಳು. ಮಧ್ಯಾಹ್ನ ಬರಬೇಕಿದ್ದ ಹೈಪೋ ಟ್ಯಾಂಕರ್ ಸಂಜೆಯವರೆಗೂ ಬರಲಿಲ್ಲ. ಉಪವಾಸ ಮುರಿಯಲು ಐದು ನಿಮಿಷವಿರುವಾಗ ಬಿಳಿ ಟ್ಯಾಂಕರ್ ಒಂದು ಒಳಬಂತು. ಡ್ರೈವರ್ ಪೇಶಾವರದ ಕಡೆಯ ನಡುವಯಸ್ಸಿನವನು. "ನಾಲ್ಕು ಗಂಟೆಯಿಂದ ಗೇಟಿನಲ್ಲಿ ಕೂರಿಸಿದ್ದಾರೆ ಸಾಬ್" ಎಂದು ಹಿಂದಿಯಲ್ಲಿ ಗೊಣಗಿದ. ತುಟಿ ಒಣಗಿ ಬಿರಿದಿತ್ತು. ಹಮೀದಾಕ ಆಗಷ್ಟೇ ಕ್ಯಾಬಿನ್‌ನಲ್ಲಿ ಹಾಳೆ ಹಾಸಿ ಖರ್ಜೂರ, ಮಜ್ಜಿಗೆ ಇಡುತ್ತಿದ್ದವರು ಕೀ ಹಿಡಿದು ಎದ್ದು ಬಂದರು.

"ನೀವು ಎಲ್ಲಿಗೆ? ಕೂತ್ಕೊಳ್ಳಿ ಹಮೀದಾಕ, ಅಜಾನ್ ಕೊಡುವವರು ಯಾರು? ಕೀ ಇಲ್ಲಿ ಕೊಡಿ."

"ಹತ್ತು ನಿಮಿಷ ನಿಲ್ಲಿಸಿ ಕ್ಯಾಪ್ಟನ್. ಬರ್ತೇನೆ."

"ಹೈಪೋ ಅಲ್ವಾ ಮಾರಾಯ್ರೆ, ನಂಗೆ ಗೊತ್ತಿಲ್ಲದ್ದಾ?"

ಅವರು ಒಂದು ಕ್ಷಣ ಅನುಮಾನಿಸಿ ಕೀ ಕೊಟ್ಟರು. "ಬೀಗ ತೆಗ್ದು ಇಡಿ. ವಾಲ್ವ್ ಮುಟ್ಬೇಡಿ. ಪಟ್ಟಿ ನೋಡ್ಲಿಕ್ಕುಂಟು."

ನಾನು ಡ್ರೈವರ್‌ಗೆ ನೀರಿನ ಬಾಟಲಿ ಕೊಟ್ಟು, ಕ್ಯಾಬಿನ್‌ನಿಂದ ಒಂದು ಹಿಡಿ ಖರ್ಜೂರ ತಂದು ಕೊಟ್ಟು ಲ್ಯಾಬಿನ ಮೆಟ್ಟಿಲಲ್ಲಿ ಕೂರಿಸಿದೆ. ಅವನ ಕಾಗದಕ್ಕೆ ಸಹಿ ಹಾಕಿದೆ, ಓದಲಿಲ್ಲ. ಟ್ಯಾಂಕರ್‌ನ ಹಿಂದೆ ಅಪಾಯದ ಫಲಕವಿತ್ತು. ಹೈಪೋಗೂ ಆ್ಯಸಿಡ್‌ಗೂ ಚಿತ್ರ ಒಂದೇ; ಕೆಳಗಿನ ಸಂಖ್ಯೆ ಮಾತ್ರ ಹೈಪೋಗೆ 1791, ಆ್ಯಸಿಡ್‌ಗೆ 1789. ನನ್ನ ಕಣ್ಣು ಅದರ ಮೇಲೆ ಹಾದುಹೋಯಿತು. ಮರುದಿನ ಬೆಳಿಗ್ಗೆ ಬರಬೇಕಿದ್ದ ಆ್ಯಸಿಡ್ಡನ್ನು ಸರಬರಾಜಿನವರು ಮೊದಲು ಕಳಿಸಿದ್ದರೆಂದು ಆಮೇಲೆ ತಿಳಿಯಿತು. ಅಜಾನ್ ಶುರುವಾಯಿತು. ಹಮೀದಾಕ ನಮಾಜು ಮುಗಿಸಿ ಬರುವಷ್ಟರಲ್ಲಿ ಕೆಲಸ ಮುಗಿದಿರಲಿ, ಇವತ್ತಾದರೂ ನೆಮ್ಮದಿಯಿಂದ ಉಣ್ಣಲಿ ಎಂದುಕೊಂಡು ಹೈಪೋ ಬಾಯಿಗೆ ಹೋಸ್ ಜೋಡಿಸಿ ವಾಲ್ವ್ ತೆರೆದೆ, ಪಂಪ್ ಹಾಕಿದೆ.

ಟ್ಯಾಂಕಿನೊಳಗೆ ಎಣ್ಣೆಗೆ ನೀರು ಬಿದ್ದಂಥ ಸದ್ದು. ಮೇಲಿನ ಗಾಳಿಕೊಳವೆಯಿಂದ ಹಸಿರು ಮಿಶ್ರಿತ ಹಳದಿ ಹೊಗೆ ಬಂತು. ಅದು ಮೇಲೇರಲಿಲ್ಲ, ಗೋಡೆ ಹಿಡಿದು ನನ್ನತ್ತ ಇಳಿಯಿತು. ಕ್ಲೋರಿನ್ ಗಾಳಿಗಿಂತ ಭಾರ. ಓಡುವುದಾದರೆ ಎತ್ತರಕ್ಕೆ, ಗಾಳಿ ಬರುವ ದಿಕ್ಕಿಗೆ ಓಡಬೇಕು. ಇದನ್ನು ನೂರಾರು ಜನರಿಗೆ ಕಲಿಸಿದ ನಾನು ಮೂರು ಮೆಟ್ಟಿಲು ತಗ್ಗಿನಲ್ಲಿದ್ದ ಟ್ಯಾಂಕಿನ ಅಂಗಳದಲ್ಲೇ ನಿಂತು, ವಾಲ್ವ್ ಮುಚ್ಚಲು ಬಗ್ಗಿದೆ. ಒಂದೇ ಉಸಿರಿಗೆ ಎದೆಯನ್ನು ಯಾರೋ ಹಗ್ಗ ಸುತ್ತಿ ಎಳೆದಂತಾಯಿತು. ಕಣ್ಣು ಕಾಣಲಿಲ್ಲ. ಕೈ ಚಕ್ರದ ಮೇಲಿತ್ತು, ಯಾವ ಕಡೆ ತಿರುಗಿಸಬೇಕೆಂಬುದು ಮರೆತುಹೋಯಿತು.

ಆಗ ನನ್ನ ಕಾಲರ್ ಹಿಡಿದು ಎಳೆದದ್ದು ಹಮೀದಾಕ. ಅಜಾನ್ ಮುಗಿಸಿ ಒಂದು ಖರ್ಜೂರ ಬಾಯಿಗಿಟ್ಟವರು ಕಿಟಕಿಯಿಂದ ಗೋಡೆಯ ಬಣ್ಣ ನೋಡಿದ್ದರು. ಉಸಿರಾಟದ ಮಾಸ್ಕ್ ಇದ್ದ ಕಪಾಟು ಹೊಗೆಯ ಆಚೆ ಬದಿಗಿತ್ತು. ಒದ್ದೆ ಕರ್ಚೀಫ್ ಒಂದೇ ಮುಖಕ್ಕೆ. ನನ್ನನ್ನು ಮೆಟ್ಟಿಲ ಮೇಲೆ ಎಸೆದರು ಎಂದೇ ಹೇಳಬೇಕು. ಪಂಪ್ ಇನ್ನೂ ಓಡುತ್ತಿತ್ತು. "ಹೋಗ್ಬೇಡಿ" ಎನ್ನಲು ಬಾಯಿ ತೆರೆದೆ, ಕೆಮ್ಮೇ ಬಂತು. ಅವರು ಮತ್ತೆ ಇಳಿದರು. ಪಂಪಿನ ಸದ್ದು ನಿಂತಿತು. ನಾನು ಎಣಿಸಿದೆ, ಒಂದು, ಎರಡು, ಮೂರು... ಹದಿನಾಲ್ಕಕ್ಕೆ ಅವರು ಹೊರಬಂದು ಡ್ರೈವರ್‌ನ ಕಾಲ ಬುಡದಲ್ಲಿ ಕುಸಿದು ಆ ಖರ್ಜೂರವನ್ನು ಕಕ್ಕಿದರು. ಇಂದಿಗೂ ಎಚ್ಚರವಿರುವಾಗಲೇ ಒಮ್ಮೊಮ್ಮೆ ಆ ಎಣಿಕೆ ಶುರುವಾಗುತ್ತದೆ. ಕೆಲವು ದಿನ ಹದಿನಾಲ್ಕಕ್ಕೂ ಅವರು ಹೊರಬರುವುದಿಲ್ಲ.

ಜುಬೈಲ್‌ನ ಆಸ್ಪತ್ರೆಯಿಂದ ನಾನು ನಾಲ್ಕನೇ ದಿನ ಹೊರಬಂದೆ. ಹಮೀದಾಕ ಹನ್ನೊಂದು ದಿನ ವೆಂಟಿಲೇಟರ್‌ನಲ್ಲಿದ್ದರು. ವಿಚಾರಣೆಯವರು ಕೇಳಿದ್ದು ಒಂದೇ ಪ್ರಶ್ನೆ: ಕೀ ಯಾರ ಹೆಸರಿನಲ್ಲಿತ್ತು? ಹಮೀದಾಕ ಬೇಡವೆಂದರೂ ನಾನೇ ಕೇಳಿ ಪಡೆದೆ, ವಾಲ್ವ್ ತೆರೆದವನು ನಾನು ಎಂದು ಬರೆದುಕೊಟ್ಟೆ. ಮಾತನಾಡಲಾಗದ ಹಮೀದಾಕ ಹಾಸಿಗೆಯಲ್ಲೇ ಚೀಟಿ ಬರೆದರು: "ನಾನು ಕೊಟ್ಟೆ." ಇಬ್ಬರದೂ ತಪ್ಪು ಎಂದು ವರದಿ ಬಂತು. ಪೆರ್ನಾಲಿಗೆ, ಅಂದರೆ ಈದ್ ಹಬ್ಬಕ್ಕೆ, ಊರಿಗೆ ಹೋಗಬೇಕೆಂದಿದ್ದವರು ಅದಾಗಿ ಒಂದು ತಿಂಗಳಿಗೆ, ಗಾಲಿಕುರ್ಚಿಯಲ್ಲಿ, ಕೆಲಸ ಬಿಟ್ಟು ಶಾಶ್ವತವಾಗಿ ಊರಿಗೆ ಮರಳಿದರು.

ನಾನೀಗ ಇಲ್ಲೇ ಗಲ್ಫ್‌ನಲ್ಲೇ, ಥುಕ್ಬಾದ ಒಂದು ಕಚೇರಿಯಲ್ಲಿ ಸುರಕ್ಷತಾ ತರಬೇತಿ ಕೊಡುತ್ತೇನೆ. ಯು-1206ರ ಕಥೆ ಈಗಲೂ ಹೇಳುತ್ತೇನೆ, ಕ್ಯಾಪ್ಟನ್‌ನ ಅಹಂಕಾರವನ್ನು ಬಿಟ್ಟು. ಅಲ್ಲಿ ಏನಾಯಿತೆಂದು ನನಗೆ ಗೊತ್ತಿಲ್ಲ. ವಾಲ್ವ್ ಗೊತ್ತಿದ್ದವನು ಪಾಳಿ ಮುಗಿಸಿ ಆಗಷ್ಟೇ ಮಲಗಿದ್ದಿರಬಹುದು. ಪಾಪ, ಮಲಗಲಿ ಎಂದು ಯಾರೋ ಒಳ್ಳೆಯವನು ಅಂದುಕೊಂಡಿರಬಹುದು. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟೇ: ಕರೆಯಬೇಕಾದವನನ್ನು ಕರೆಯಿರಿ. ಅವನ ಬಾಯಲ್ಲಿ ಖರ್ಜೂರವಿದ್ದರೂ ಕರೆಯಿರಿ.

ಕಳೆದ ರಂಜಾನ್‌ನಲ್ಲಿ ಹಮೀದಾಕ ವಾಟ್ಸಾಪ್‌ನಲ್ಲಿ ದನಿ ಸಂದೇಶ ಕಳಿಸಿದ್ದರು. ನಡುನಡುವೆ ಉಸಿರು ಎಳೆದುಕೊಳ್ಳುವ ಸದ್ದು. "ಕ್ಯಾಪ್ಟನ್... ಮೊಮ್ಮಕ್ಕಳಿಗೆ ನಿಮ್ಮ ಸಬ್‌ಮರೀನ್ ಕಥೆ ಹೇಳ್ತಾ ಇದ್ದೆ... ಕಕ್ಕಸಿನ ಹತ್ರ ಬರುವಾಗ ದಮ್ಮು ಕಟ್ಟಿತು... ಮಕ್ಕಳು ಕಾಯ್ತಾ ಉಂಟು. ಉಳಿದದ್ದು ನೀವು ಹೇಳಿ ಕಳಿಸಿ."

ನಾನು ಮೂರು ಸಲ ರೆಕಾರ್ಡ್ ಮಾಡಿ ಅಳಿಸಿದೆ. ನಾಲ್ಕನೇ ಸಲ, ಅವರು ನಗುವ ಜಾಗದಲ್ಲಿ ಸ್ವಲ್ಪ ನಿಲ್ಲಿಸಿ, ಪೂರ್ತಿ ಹೇಳಿ ಕಳಿಸಿದೆ.